ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚು: ಅಪ್ಪನಿಗೆ ಗೆಲಿಲಿಯೊ ಸಮಾಧಿ ನೋಡಬೇಕಂತೆ, ಎಷ್ಟು ಹೊತ್ತು ಬೇಕು?

ತಟ್ಟೆಇಡ್ಲಿ_ತುಮಕೂರು

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯಲ್ಲಿ ಅಪ್ಪ, ಅಮ್ಮನ ಜೊತೆ ಇಟಲಿಗೆ ಹೊರಟಿದ್ದೇನೆ. ಫ್ಲಾರೆನ್ಸ್‌ಗೆ ಸಿಕ್ಕಿರುವುದು ಒಂದೂವರೆ ದಿನ ಅಷ್ಟೇ. ಅಪ್ಪ ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಕಲಿಸಿದ ಮೇಷ್ಟ್ರು. ಅವರದು ಒಂದೇ ಬೇಡಿಕೆ, ಗೆಲಿಲಿಯೊ ಸಮಾಧಿ. ಬೇರೆ ಏನು ತೋರಿಸಿದರೂ ಸರಿ, ತೋರಿಸದಿದ್ದರೂ ಸರಿ.

ಅಮ್ಮ ಮಾತ್ರ "ಅಷ್ಟು ದುಡ್ಡು ಕೊಟ್ಟು ಸಮಾಧಿ ನೋಡೋದಾ? ವಾಪಸ್ ಬಂದು ತಲೆಗೆ ಸ್ನಾನ ಬೇರೆ ಮಾಡಬೇಕು" ಅಂತಿದ್ದಾರೆ.

ಅರ್ಧ ದಿನ ಸಾಕಾಗುತ್ತಾ? ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಅಮ್ಮನಿಗೆ ಇಷ್ಟ ಆಗೋಂಥದ್ದು ಏನಾದರೂ ಇದೆಯಾ ಅಲ್ಲಿ?

ಮಿಲಾನೊ_ಮಂಜ

ಹೋಗಲೇಬೇಕು. ನಾನು ಮಿಲಾನ್‌ನಲ್ಲಿದ್ದೇನೆ, ಊರಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೇ ಬರುತ್ತದೆ. ನಾಲ್ಕು ಸಲ ನೋಡಿದ್ದೇನೆ.

ಮೊದಲು ಮಂಡಿ ವಿಷಯ. ಸ್ಟೇಷನ್‌ನಿಂದ ನಡೆದರೆ 20-25 ನಿಮಿಷ. ಏರು ಇಲ್ಲ, ಆದರೆ ಕಲ್ಲು ಹಾಸಿದ ರಸ್ತೆ. ವಯಸ್ಸಾದವರಿದ್ದರೆ ಟ್ಯಾಕ್ಸಿ ಮಾಡಿ, ಜಿಪುಣತನ ಬೇಡ. ಒಳಗೆ ಸುಮಾರು 115 ಮೀಟರ್ ಉದ್ದ. ಫ್ರಾನ್ಸಿಸ್ಕನ್ ಸನ್ಯಾಸಿಗಳ ಚರ್ಚುಗಳಲ್ಲಿ ಪ್ರಪಂಚದಲ್ಲೇ ದೊಡ್ಡದು ಇದೇ. ನಡುವೆ ಕೂರೋಕೆ ಬೆಂಚುಗಳಿವೆ.

ಗಾಥಿಕ್ ಅಂದ ಕೂಡಲೇ ಮೈಸೂರಿನ ಸೇಂಟ್ ಫಿಲೋಮಿನಾ ತರಹ ಆಕಾಶಕ್ಕೆ ಚುಚ್ಚುವ ಜೋಡಿ ಗೋಪುರ ಕಣ್ಣ ಮುಂದೆ ಬರುತ್ತದೆ ಅಲ್ವಾ? ಅದನ್ನು ಮರೆತುಬಿಡಿ. ಇಟಲಿಯ ಗಾಥಿಕ್ ಬೇರೆ. ಒಳಗೆ ಚೂಪು ಕಮಾನುಗಳು, ಎಂಟು ಮುಖದ ಕಂಬಗಳು ಇವೆ. ತಲೆಯೆತ್ತಿದರೆ ಕಲ್ಲಿನ ಕಮಾನು ಚಾವಣಿ ಇಲ್ಲ, ನಮ್ಮ ಹಳೇ ತೊಟ್ಟಿಮನೆಯ ಹಾಗೆ ಮರದ ತೊಲೆಗಳು. ಭಿಕ್ಷೆ ಬೇಡುವ ಸನ್ಯಾಸಿಗಳ ಚರ್ಚು ನೋಡಿ. ಜನ ನಿಂತು ಪ್ರವಚನ ಕೇಳಲು ಒಂದು ದೊಡ್ಡ ಹಾಲ್ ಬೇಕಿತ್ತು. 1294ರಲ್ಲಿ ಕಟ್ಟಲು ಶುರು ಮಾಡಿದರು. ಯೋಜನೆ ಅರ್ನೊಲ್ಫೊ ದಿ ಕಾಂಬಿಯೊನದು ಅಂತ ಹೇಳುತ್ತಾರೆ. ಮುಗಿದು ಪೋಪ್ ಬಂದು ಪವಿತ್ರಗೊಳಿಸುವಾಗ 1443.

ಫೋಟೋದಲ್ಲಿ ಕಾಣುವ ಬಿಳಿ-ಹಸಿರು ಅಮೃತಶಿಲೆಯ ಚಂದದ ಮುಂಭಾಗ ಇದೆಯಲ್ಲ, ಅದು ತೀರಾ ಇತ್ತೀಚಿನದು. 1853ರಿಂದ 1863ರವರೆಗೆ ಕಟ್ಟಿದ್ದು. ಅಲ್ಲಿಯವರೆಗೆ 400 ವರ್ಷ ಅದು ಬೋಳು ಗೋಡೆ.

ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಪ್ರವಾಸಿಗಳಿಗೆ ಪ್ರವೇಶ ಮುಂದಿನ ಬಾಗಿಲಲ್ಲಿ ಅಲ್ಲ, ಎಡಗಡೆ ಪಕ್ಕದಿಂದ. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ನಮ್ಮಂಥವರನ್ನು ಮಧ್ಯಾಹ್ನದ ಮೇಲೆ ಬಿಡುತ್ತಾರೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಅಮ್ಮ ಸೀರೆ ಉಟ್ಟರೆ ಆ ಚಿಂತೆಯೇ ಇಲ್ಲ.

ಕಾಫಿಪುಡಿ

ನಾನು ಉಲ್ಟಾ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಂದೂವರೆ ದಿನದಲ್ಲಿ ಕೆಥೆಡ್ರಲ್ ಗುಮ್ಮಟ, ಉಫಿಜಿ ಮ್ಯೂಸಿಯಂ, ಹಳೇ ಸೇತುವೆ ನೋಡುವುದೇ ಕಷ್ಟ. ಸಾಂತಾ ಕ್ರೋಚೆಯಲ್ಲಿ ನಾನು ಕಂಡಿದ್ದು ಸಾಲು ಸಾಲು ಗೋರಿ. ಯಾರು ಯಾರೋ ಗೊತ್ತಿಲ್ಲ. ಎಲ್ಲ ಗೋರಿಯ ಮೇಲೂ ಒಬ್ಬಳು ಹೆಂಗಸು ಅಳುತ್ತಾ ಕೂತಿರುತ್ತಾಳೆ. ಅರ್ಧ ಗಂಟೆಗೆ ಹೊರಗೆ ಬಂದೆ. ಎದುರಿನ ಚೌಕದಲ್ಲಿ ಒಂದು ಹೋಟೆಲಿನಲ್ಲಿ ಕೂತು ಒಂದು ಪ್ಲೇಟ್ ಪಾಸ್ತಾಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ನಾನೇ ಅಳುತ್ತೇನೆ.

ಮಿಲಾನೊ_ಮಂಜ

@ಕಾಫಿಪುಡಿ ಹ್ಹ ಹ್ಹ. ಯಾರು ಅಂತ ಗೊತ್ತಿಲ್ಲದೆ ಹೋದರೆ ಯಾವ ಸಮಾಧಿಯೂ ಕಲ್ಲೇ ಸ್ವಾಮಿ. ಮೈಕೆಲೇಂಜಲೊ ಸಮಾಧಿಯ ಮೇಲೆ ಇರುವ ಮೂವರು ಹೆಂಗಸರು ಯಾರು ಅಂದುಕೊಂಡಿರಿ? ಚಿತ್ರಕಲೆ, ಶಿಲ್ಪಕಲೆ, ವಾಸ್ತುಕಲೆ. ಮೂರೂ ಕಲೆಗಳು ವಿಧವೆಯರಾದ ಹಾಗೆ ಕೂತಿವೆ.

ಅವನು ತೀರಿಕೊಂಡಿದ್ದು ರೋಮ್‌ನಲ್ಲಿ, 1564ರ ಫೆಬ್ರವರಿ 18ರಂದು. ರೋಮ್‌ನವರು ಹೆಣ ಬಿಟ್ಟುಕೊಡುವ ಹಾಗೆ ಕಾಣಲಿಲ್ಲ. ತಮ್ಮನ ಮಗ ಲಿಯೊನಾರ್ಡೊ ಬಂದು, ವ್ಯಾಪಾರದ ಸರಕಿನ ಹಾಗೆ ಮೂಟೆ ಕಟ್ಟಿ ಫ್ಲಾರೆನ್ಸ್‌ಗೆ ಸಾಗಿಸಿದ. ಸಮಾಧಿಯ ವಿನ್ಯಾಸ ವಸಾರಿಯದು, ಕಲಾವಿದರ ಜೀವನಚರಿತ್ರೆ ಬರೆದ ಚಿತ್ರಕಾರ.

ನಂದಿನಿ_ಹಾಲು

ಅಲ್ಲಿ ಲಿಯೊನಾರ್ಡೊ ಡ ವಿಂಚಿ ಸಮಾಧಿನೂ ಇದೆ ಅಲ್ವಾ? ಮೋನಾಲಿಸಾದವನು? ಗೈಡ್ ಹೇಳಿದ ನೆನಪು.

ಮಿಲಾನೊ_ಮಂಜ

ಇಲ್ಲ. ಅವನು ಸತ್ತಿದ್ದು, ಮಣ್ಣಾಗಿದ್ದು ಫ್ರಾನ್ಸ್‌ನ ಆಂಬ್ವಾಸ್‌ನಲ್ಲಿ. ಇಲ್ಲಿ ಇರುವುದು ಬರೀ ನೆನಪಿನ ಫಲಕ. ಇಲ್ಲಿ ಹಾಗೆ ಮೋಸ ಹೋಗುವುದು ಸುಲಭ. ಕವಿ ಡಾಂಟೆಗೆ ಇರುವ ಭಾರಿ ಸಮಾಧಿಯೂ ಖಾಲಿ ಡಬ್ಬ. ಊರು ಅವನನ್ನು ಗಡೀಪಾರು ಮಾಡಿತು, ಅವನು 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಆಮೇಲೆ ಫ್ಲಾರೆನ್ಸ್‌ನವರು ಎಷ್ಟು ಬೇಡಿಕೊಂಡರೂ ರವೆನ್ನಾದವರು ಮೂಳೆ ಕೊಡಲಿಲ್ಲ. ಕೊಡಬಾರದು ಕೂಡ!

ಸಂಗೀತ ರಚನಕಾರ ರೊಸ್ಸಿನಿಯದು ಉಲ್ಟಾ ಕಥೆ. 1868ರಲ್ಲಿ ಪ್ಯಾರಿಸ್‌ನಲ್ಲಿ ಹೂತಿದ್ದವನನ್ನು 1887ರಲ್ಲಿ ತೆಗೆದು ಇಲ್ಲಿಗೆ ತಂದರು. ವಿಜ್ಞಾನದ ಮೇಷ್ಟ್ರಿಗೆ ಇನ್ನೆರಡು ಹೆಸರು: ಮಾರ್ಕೋನಿ, ಫರ್ಮಿ. ಇಬ್ಬರದೂ ಬರೀ ಫಲಕ. ಫರ್ಮಿ ಇರುವುದು ಶಿಕಾಗೊದಲ್ಲಿ.

ತಟ್ಟೆಇಡ್ಲಿ_ತುಮಕೂರು

ಹಾಗಾದರೆ ಗೆಲಿಲಿಯೊ? ಅದೂ ಖಾಲಿನಾ? ಅಪ್ಪನಿಗೆ ಹೃದಯ ಒಡೆದುಹೋಗುತ್ತೆ.

ಗಾಳಿಪಟ_ಗುಂಡಣ್ಣ

ಖಾಲಿ ಅಲ್ಲ ತಂಗಿ, ಇದ್ದಾನೆ. ಪೂರ್ತಿ ಇಲ್ಲ ಅಷ್ಟೇ. ಕಥೆ ದೊಡ್ಡದು, ಕಾಫಿ ಇಟ್ಟುಕೊಂಡು ಓದಿ.

ಗೆಲಿಲಿಯೊ ತೀರಿಕೊಂಡಿದ್ದು 1642ರ ಜನವರಿ 8ರಂದು, ಊರಾಚೆ ಆರ್ಚೆತ್ರಿಯಲ್ಲಿ, ಗೃಹಬಂಧನದಲ್ಲೇ. ಅಲ್ಲಿನ ದೊರೆ ಮೈಕೆಲೇಂಜಲೊ ಎದುರಿಗೇ ದೊಡ್ಡ ಸ್ಮಾರಕ ಕಟ್ಟಬೇಕು ಅಂದುಕೊಂಡ. ಪೋಪ್ 8ನೇ ಅರ್ಬನ್ ಒಪ್ಪಲಿಲ್ಲ. ಧರ್ಮ ನ್ಯಾಯಾಲಯ ತಪ್ಪಿತಸ್ಥ ಅಂದವನಿಗೆ ಸ್ಮಾರಕವೇ? ಹಾಗಾಗಿ ಗಂಟೆ ಗೋಪುರದ ಕೆಳಗೆ ಒಂದು ಸಣ್ಣ ಕೋಣೆಯಲ್ಲಿ, ಸದ್ದಿಲ್ಲದೆ ಹೂತರು.

ಅವನ ಕೊನೆಯ ಶಿಷ್ಯ ವಿವಿಯಾನಿ ಜೀವಮಾನವಿಡೀ ಗುರುವಿಗೆ ಸರಿಯಾದ ಸಮಾಧಿ ಆಗಲಿ ಅಂತ ಓಡಾಡಿದ. ಆಗಲಿಲ್ಲ. ಆಸ್ತಿಯಲ್ಲಿ ಅದಕ್ಕೆಂದೇ ದುಡ್ಡು ಇಟ್ಟು ಸತ್ತ. ಅವನನ್ನೂ ಗುರುವಿನ ಪಕ್ಕದಲ್ಲೇ ಹೂತರು. ಕೊನೆಗೆ 1737ರ ಮಾರ್ಚ್ 12ರಂದು ಗೆಲಿಲಿಯೊವನ್ನು ಆ ಕೋಣೆಯಿಂದ ತೆಗೆದು ಈಗಿರುವ ಜಾಗಕ್ಕೆ ತಂದರು. 95 ವರ್ಷ! ತೆಗೆಯುವಾಗ ಅಲ್ಲಿ ಒಬ್ಬ ಹೆಂಗಸಿನ ಅಸ್ಥಿಯೂ ಸಿಕ್ಕಿತು. ಅದು ಅವನ ಮಗಳು, ಸನ್ಯಾಸಿನಿ ಮರಿಯಾ ಚೆಲೆಸ್ಟೆಯದು ಅಂತ ನಂಬಿಕೆ. ಮೂವರೂ ಈಗ ಒಂದೇ ಕಡೆ ಇದ್ದಾರೆ. ಬಹಳ ಕಾಲ ಸ್ಮಾರಕದ ಮೇಲೆ ಅವಳ ಸುದ್ದಿಯೇ ಇರಲಿಲ್ಲ.

"ಪೂರ್ತಿ ಇಲ್ಲ" ಅಂದೆನಲ್ಲ. ಆವತ್ತು ಅಲ್ಲಿದ್ದ ಅಭಿಮಾನಿಗಳು ಮೂರು ಬೆರಳು, ಒಂದು ಹಲ್ಲು, ಬೆನ್ನುಮೂಳೆಯ ಒಂದು ತುಂಡು ಕಿತ್ತುಕೊಂಡರು. ಸಂತರ ಅವಶೇಷ ಇಟ್ಟುಕೊಳ್ಳುವ ಹಾಗೆ! ಬೆನ್ನುಮೂಳೆಯ ತುಂಡು ಪಡುವಾದಲ್ಲಿದೆ. ನಡುಬೆರಳು ಫ್ಲಾರೆನ್ಸ್‌ನ ಗೆಲಿಲಿಯೊ ಮ್ಯೂಸಿಯಂನಲ್ಲಿ ಗಾಜಿನ ಮೊಟ್ಟೆಯೊಳಗೆ ನೆಟ್ಟಗೆ ನಿಂತಿದೆ. ಉಳಿದ ಎರಡು ಬೆರಳು, ಹಲ್ಲು ಕಾಣೆಯಾಗಿದ್ದು 2009ರಲ್ಲಿ ಒಂದು ಹರಾಜಿನಲ್ಲಿ ಸಿಕ್ಕವು. ಮ್ಯೂಸಿಯಂ ಸಾಂತಾ ಕ್ರೋಚೆಯಿಂದ ಹತ್ತು ನಿಮಿಷದ ನಡಿಗೆ. ಅವನ ದೂರದರ್ಶಕಗಳೂ ಅಲ್ಲೇ ಇವೆ. ಅಪ್ಪನಿಗೆ ಗುಮ್ಮಟ ತಪ್ಪಿದರೂ ಇದು ತಪ್ಪದಿರಲಿ.

ಕಾಫಿಪುಡಿ

ನಡುಬೆರಳೇ ಯಾಕೆ ಇಟ್ಟರೋ. ಪೋಪ್‌ಗೆ ಉತ್ತರ ಇರಬೇಕು. 😄

ಕುಡ್ಲದ_ಕುಸುಮ

ಎಲ್ಲರೂ ಸಮಾಧಿ ಸಮಾಧಿ ಅಂತಿದ್ದೀರಿ, ಗೋಡೆ ನೋಡಿದವರು ಯಾರೂ ಇಲ್ವಾ ಮಾರಾಯ್ರೆ?

ಅಲ್ತಾರ್‌ನ ಬಲಗಡೆ ಎರಡು ಪುಟ್ಟ ಚಾಪೆಲ್‌ಗಳಿವೆ, ಬಾರ್ಡಿ ಮತ್ತು ಪೆರೂಜಿ. ಎರಡೂ ಬ್ಯಾಂಕರ್ ಮನೆತನಗಳು. ಬಡತನದ ವ್ರತ ತೊಟ್ಟ ಸಂತ ಫ್ರಾನ್ಸಿಸ್‌ನ ಜೀವನವನ್ನು ಬಾರ್ಡಿಯವರು ಬಡ್ಡಿ ವ್ಯಾಪಾರದ ದುಡ್ಡಲ್ಲಿ ಬರೆಸಿದ್ದು, ಅದನ್ನೂ ಗಮನಿಸಿ. ಬರೆದವನು ಜೊತ್ತೊ, 14ನೇ ಶತಮಾನದ ಮೊದಲ ಭಾಗದಲ್ಲಿ. ಇಂಗ್ಲೆಂಡಿನ ದೊರೆಗೂ ಸಾಲ ಕೊಡುತ್ತಿದ್ದ ಆ ಎರಡೂ ಬ್ಯಾಂಕು 1340ರ ದಶಕದಲ್ಲಿ ದಿವಾಳಿಯಾದವು. ಚಿತ್ರ ಉಳಿಯಿತು.

ಒಂದು ಚಾಪೆಲ್‌ನ ಚಿತ್ರ ಚೆನ್ನಾಗಿದೆ, ಪಕ್ಕದ್ದು ಮಸುಕಾಗಿದೆ, ಯಾಕೆ ಗೊತ್ತಾ? ಬಾರ್ಡಿಯಲ್ಲಿ ಹಸಿ ಸುಣ್ಣದ ಗಾರೆಯ ಮೇಲೆ ಬರೆದಿದ್ದಾನೆ. ಗಾರೆ ಒಣಗುವಾಗ ಬಣ್ಣವನ್ನು ಒಳಗೆ ಹಿಡಿದುಕೊಳ್ಳುತ್ತದೆ. ಆವತ್ತು ಎಷ್ಟು ಬರೆಯಲು ಆಗುತ್ತದೋ ಅಷ್ಟಕ್ಕೇ ಗಾರೆ ಬಳಿಯಬೇಕು. ಪೆರೂಜಿಯಲ್ಲಿ ಹೆಚ್ಚಿನದನ್ನು ಒಣಗಿದ ಗಾರೆಯ ಮೇಲೆ ಬರೆದ. ಅದು ಉದುರಿತು. ಸಾಲದ್ದಕ್ಕೆ 18ನೇ ಶತಮಾನದಲ್ಲಿ ಎರಡರ ಮೇಲೂ ಸುಣ್ಣ ಹೊಡೆದುಬಿಟ್ಟರು. ಬಾರ್ಡಿಯ ಗೋಡೆಗೆ ಒತ್ತಿ ಗೋರಿ ಕಟ್ಟಿದರು. 19ನೇ ಶತಮಾನದಲ್ಲಿ ಸುಣ್ಣ ಕೆರೆದು ಚಿತ್ರ ಹೊರತೆಗೆದರು. ಗೋರಿ ಇದ್ದ ಜಾಗ ಇವತ್ತೂ ಖಾಲಿ. ಸಂತ ಸಾಯುವ ದೃಶ್ಯದಲ್ಲೇ ಆ ತೂತು. ಸುತ್ತ ಸನ್ಯಾಸಿಗಳು ಅಳುತ್ತಿದ್ದಾರೆ, ನಡುವೆ ಗಾರೆ.

ನಾನು 2023ರಲ್ಲಿ ಹೋದಾಗ ಬಾರ್ಡಿ ತುಂಬ ಸಾರುವೆ ಕಟ್ಟಿ ದುರಸ್ತಿ ಮಾಡುತ್ತಿದ್ದರು. ಹೊಟ್ಟೆ ಉರಿಯಿತು.

ಹೋಗುವ ಮುಂಚೆ ಒಂದು ಕೆಲಸ ಮಾಡಿ. ನಮ್ಮ ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ ನೋಡಿ ಹೋಗಿ. ಬೆರ್ಗಮೊ ಕಡೆಯ ಅಂತೋನಿಯೊ ಮೊಸ್ಕೇನಿ ಅನ್ನೋ ಜೆಸ್ಯೂಟ್ ಬ್ರದರ್ 1899ರಿಂದ ಎರಡು ವರ್ಷ ಕೂತು ಗೋಡೆ, ಚಾವಣಿ ಎಲ್ಲ ತುಂಬಿಸಿದ. ಗೋಡೆಯದು ಇದೇ ಹಸಿ ಗಾರೆಯ ವಿದ್ಯೆ. ನಮ್ಮ ಕರಾವಳಿಯ ಮಳೆಗೆ ಆ ಚಿತ್ರ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಅಲ್ಲಿ ಗೊತ್ತಾದರೆ, ಜೊತ್ತೊ ಏಳುನೂರು ವರ್ಷ ಉಳಿದದ್ದು ಏನು ಅಂತ ತಾನಾಗಿ ಅರ್ಥವಾಗುತ್ತದೆ.

ಮಲೆನಾಡ_ಮಳೆ

ನೀರಿನ ಮಾತು ಬಂತಲ್ಲ. 1966ರ ನವೆಂಬರ್ 4. ಆರ್ನೊ ನದಿ ಉಕ್ಕಿ ಊರೊಳಗೆ ನುಗ್ಗಿತು. ಸಾಂತಾ ಕ್ರೋಚೆ ಇರುವುದು ತಗ್ಗಿನಲ್ಲಿ. ಆ ಭಾಗದಲ್ಲಿ ಕೆಲವು ಕಡೆ ನೀರು 6 ಮೀಟರ್ ದಾಟಿತ್ತು. ಬರೀ ನೀರಲ್ಲ. ಚಳಿಗಾಲಕ್ಕೆ ಮನೆಗಳ ನೆಲಮಾಳಿಗೆಯಲ್ಲಿ ತುಂಬಿಸಿದ್ದ ಎಣ್ಣೆ, ಚರಂಡಿ, ಕೆಸರು ಎಲ್ಲ ಸೇರಿದ ರಾಡಿ. ಚಿಮಾಬುಯೆ ಬರೆದ ನಾಲ್ಕೂವರೆ ಮೀಟರ್ ಎತ್ತರದ ಮರದ ಶಿಲುಬೆ ಅದರಲ್ಲಿ ನೆಂದು ಬಣ್ಣದಲ್ಲಿ ನೂರಕ್ಕೆ ಸುಮಾರು 60 ಭಾಗ ಕಳೆದುಕೊಂಡಿತು. ಸನ್ಯಾಸಿಗಳು ಕೆಸರಲ್ಲಿ ಬಣ್ಣದ ಚೂರು ಆರಿಸಿದರು ಅಂತ ಹೇಳುತ್ತಾರೆ.

ಅದನ್ನು ರಿಪೇರಿ ಮಾಡಿದ ರೀತಿ ನನಗೆ ಇಷ್ಟ. ಹೋದ ಜಾಗದಲ್ಲಿ ಹೊಸದಾಗಿ ಮುಖ, ಮೈ ಬರೆಯಲಿಲ್ಲ. ಸಣ್ಣ ಗೆರೆಗಳ ತಟಸ್ಥ ಬಣ್ಣ ತುಂಬಿದರು ಅಷ್ಟೇ. ದೂರದಿಂದ ಒಂದಾಗಿ ಕಾಣುತ್ತದೆ, ಹತ್ತಿರ ಹೋದರೆ ಗಾಯ ಗಾಯವಾಗಿಯೇ ಕಾಣುತ್ತದೆ.

ವಸಾರಿಯ 'ಕೊನೆಯ ಭೋಜನ' ಅನ್ನೋ ದೊಡ್ಡ ಹಲಗೆ ಚಿತ್ರ 12 ಗಂಟೆಗೂ ಹೆಚ್ಚು ಮುಳುಗಿತ್ತು. ಗೋಡೆಗೆ ವಾಪಸ್ ಬಂದಿದ್ದು 50 ವರ್ಷದ ಮೇಲೆ, 2016ರಲ್ಲಿ. ಈಗ ಅದಕ್ಕೆ ರಾಟೆಯಂಥ ವ್ಯವಸ್ಥೆ ಇದೆ. ಪ್ರವಾಹ ಬಂದರೆ ಚಿತ್ರವನ್ನೇ ಮೇಲೆತ್ತಬಹುದು. ಪ್ರತಿ ಮಳೆಗಾಲ ನಮ್ಮ ಅಡಿಕೆ ಚೀಲ ಅಟ್ಟಕ್ಕೆ ಏರಿಸೋದು ನೆನಪಾಯಿತು ನೋಡಿ.

ಹಂಪಿ_ಹುಚ್ಚ

ನನಗೆ ಅಲ್ಲಿ ತೊಂದರೆ ಆಗಿದ್ದು ನೆಲ. 276 ಸಮಾಧಿ ಕಲ್ಲುಗಳು ನೆಲದಲ್ಲೇ ಹಾಸಿವೆ. ಕೆಲವದರಲ್ಲಿ ಸತ್ತವರ ಆಕೃತಿ ಕೆತ್ತಿದ್ದಾರೆ, ತುಳಿದು ತುಳಿದು ಮೂಗು ಮುಖ ಸವೆದಿದೆ. ನಮಗೆ ಕಾಲಿಗೆ ಪುಸ್ತಕ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ. ಹೇಗಪ್ಪಾ ನಡೆಯೋದು?

ಆಮೇಲೆ ಯೋಚಿಸಿದೆ. ನಮ್ಮಲ್ಲೂ ಎಷ್ಟೋ ಗುಡಿಗಳಲ್ಲಿ ಬಾಗಿಲ ಹತ್ತಿರ ನೆಲದ ಮೇಲೆ ಅಡ್ಡಬಿದ್ದ ಭಕ್ತರ ಉಬ್ಬುಶಿಲ್ಪ ಇರುತ್ತದೆ. ಬಂದವರ ಪಾದಧೂಳಿ ತಮ್ಮ ಮೇಲೆ ಬೀಳಲಿ ಅಂತ ಅವರೇ ಹಾಕಿಸಿಕೊಂಡಿದ್ದು. ಇಲ್ಲೂ ಅದೇ ಲೆಕ್ಕ ಇರಬೇಕು. ಪೂಜೆ ನಡೆಯುವ ಜಾಗಕ್ಕೆ ಹತ್ತಿರ ಇರಬೇಕು, ಬಂದವರು ನೆನೆಯಬೇಕು.

ಅದಕ್ಕಿಂತ ಮನಸ್ಸಿಗೆ ನಾಟಿದ್ದು ಹೊಸ್ತಿಲು. ಮಂಜಣ್ಣ ಹೇಳಿದ ಆ ಮುಂಭಾಗ ಕಟ್ಟಿದವನು ನಿಕ್ಕೊಲೊ ಮಾತಾಸ್. ಯಹೂದಿ. ಮೇಲೆ ನೋಡಿದರೆ ಯಹೂದಿಗಳ ಗುರುತಾದ ಆರು ಮೂಲೆಯ ದೊಡ್ಡ ನಕ್ಷತ್ರ ಇದೆ. ಅವನ ಸಮಾಧಿ ಒಳಗೆ ಇಲ್ಲ, ಮುಂಬಾಗಿಲ ಹೊಸ್ತಿಲ ಬಳಿ ಇದೆ. ಒಳಗೆ ದೊಡ್ಡವರೆಲ್ಲ ಮಲಗಿದ್ದಾರೆ, ಮುಖ ಕೊಟ್ಟವನು ಹೊರಗೆ. ನಮ್ಮ ಮನೆಯಲ್ಲಿ ಅಜ್ಜಿ ಹೊಸ್ತಿಲು ತುಳಿದರೆ ಬೈಯುತ್ತಿದ್ದಳು. ನಾನಂತೂ ಅಲ್ಲಿ ದಾಟಿಕೊಂಡೇ ಹೋದೆ.

ಗಡಿನಾಡ_ಗಿರಿ

ಬೆಳಗಾವಿ ಕಡೆಯವನು ರೀ ನಾನು. ಫ್ಲಾರೆನ್ಸ್‌ಗೆ ಹೋದವರು ಇನ್ನೊಂದು ಸ್ಮಾರಕ ನೋಡಲೇಬೇಕು, ಯಾರಿಗೂ ಗೊತ್ತಿರಂಗಿಲ್ಲ. ನಮ್ಮ ಪಕ್ಕದ ಕೊಲ್ಹಾಪುರದ ಮಹಾರಾಜ 2ನೇ ರಾಜಾರಾಮ್ ಇಂಗ್ಲೆಂಡ್ ನೋಡಿ ವಾಪಸ್ ಬರುವಾಗ 1870ರ ನವೆಂಬರ್ 30ರಂದು ಫ್ಲಾರೆನ್ಸ್‌ನಲ್ಲಿ ತೀರಿಕೊಂಡ. ಇಪ್ಪತ್ತರ ಹುಡುಗ. ಆ ಊರಲ್ಲಿ ಸುಡುವ ಪದ್ಧತಿಯೇ ಇರಲಿಲ್ಲ. ವಿಶೇಷ ಅನುಮತಿ ಪಡೆದು, ಆರ್ನೊಗೆ ಮುನ್ಯೋನೆ ಹೊಳೆ ಕೂಡುವ ಜಾಗದಲ್ಲಿ ರಾತ್ರಿ ಚಿತೆ ಮಾಡಿದರು. ಸಂಗಮ ಹುಡುಕಿ ಮಾಡಿದರು ನೋಡ್ರಿ. ಆ ಉದ್ಯಾನದ ಹೆಸರು ಕಾಶೀನೆ! ಕಾಶಿಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಕೇಳಿದಾಗ ಮೈ ಜುಮ್ ಅಂತು. 1874ರಲ್ಲಿ ಅಲ್ಲಿ ಛತ್ರಿಯಂಥ ಮಂಟಪ ಕಟ್ಟಿ ಅವನ ಬಣ್ಣದ ಮೂರ್ತಿ ಇಟ್ಟರು. ಪಕ್ಕದ ಸೇತುವೆಗೂ ಅವನಿಂದಲೇ 'ಇಂಡಿಯಾನೊ' ಅಂತ ಹೆಸರು.

ಊರಿನ ಪಶ್ಚಿಮ ತುದಿ ಅದು, ಸಾಂತಾ ಕ್ರೋಚೆಯಿಂದ ದೂರ. ಮಂಡಿ ನೋವಿದ್ದರೆ ಟ್ಯಾಕ್ಸಿಯೇ ಗತಿ.

ಕುಡ್ಲದ_ಕುಸುಮ

@ತಟ್ಟೆಇಡ್ಲಿ ಅಮ್ಮನಿಗೆ ಏನಿದೆ ಅಂತ ಕೇಳಿದ್ದಿರಲ್ಲ. ಶಿಲ್ಪಿ ದೊನಾತೆಲ್ಲೊನ ಮರದ ಶಿಲುಬೆ ತೋರಿಸಿ ಈ ಕಥೆ ಹೇಳಿ. ಅವನು ಕೆತ್ತಿ ಗೆಳೆಯ ಬ್ರುನೆಲ್ಲೆಸ್ಕಿಗೆ ತೋರಿಸಿದನಂತೆ. "ನೀನು ಶಿಲುಬೆಗೆ ಹಾಕಿರೋದು ಒಬ್ಬ ಹಳ್ಳಿ ರೈತನನ್ನ" ಅಂದನಂತೆ ಅವನು. "ಹಾಗಾದ್ರೆ ನೀನೇ ಮಾಡಿ ತೋರಿಸು" ಅಂದ ಇವನು. ಬ್ರುನೆಲ್ಲೆಸ್ಕಿ ಗುಟ್ಟಾಗಿ ಮಾಡಿಟ್ಟು ಒಂದು ದಿನ ಊಟಕ್ಕೆ ಕರೆದ. ದೊನಾತೆಲ್ಲೊ ಮಡಿಲಲ್ಲಿ ಮೊಟ್ಟೆ, ಚೀಸ್ ಕಟ್ಟಿಕೊಂಡು ಬಾಗಿಲು ದಾಟಿದ. ಎದುರಿಗೆ ಆ ಶಿಲುಬೆ. ಕೈ ಸಡಿಲವಾಗಿ ಮೊಟ್ಟೆಯೆಲ್ಲ ನೆಲಕ್ಕೆ. ವಸಾರಿ ಬರೆದಿಟ್ಟ ಕಥೆ ಇದು, ಎಷ್ಟು ಉಪ್ಪು ಖಾರ ಸೇರಿಸಿದ್ದಾನೋ. ಬ್ರುನೆಲ್ಲೆಸ್ಕಿಯದು ಸ್ಟೇಷನ್ ಎದುರಿನ ಸಾಂತಾ ಮರಿಯಾ ನೊವೆಲ್ಲಾದಲ್ಲಿದೆ.

ನನಗೆ ಆ ರೈತನೇ ಇಷ್ಟ.

ತಟ್ಟೆಇಡ್ಲಿ_ತುಮಕೂರು

ಹೋಗಿ ಬಂದೆವು! ವರದಿ ಕೊಡದಿದ್ದರೆ ನೀವು ಬಿಡಲ್ಲ ಅಂತ ಗೊತ್ತು.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ಎರಡು ಗಂಟೆ ಅಂದುಕೊಂಡಿದ್ದು ನಾಲ್ಕು ಗಂಟೆ ಆಯಿತು. ಗುಮ್ಮಟ ಹೊರಗಿನಿಂದಲೇ ನೋಡಿದೆವು, @ಕಾಫಿಪುಡಿ ಕ್ಷಮಿಸಿ.

ಅಮ್ಮ ಒಳಗೆ ಕಾಲಿಟ್ಟ ಕೂಡಲೇ ಚಪ್ಪಲಿ ಬಿಡೋಕೆ ಹೋದರು. ಅಲ್ಲಿದ್ದ ಹೆಂಗಸು ಬೇಡ ಬೇಡ ಅಂತ ಸನ್ನೆ ಮಾಡಿದಳು. ನಾನು ಬಾಯಿ ತಪ್ಪಿ ನೆಲದಲ್ಲಿ ಇರುವುದು ಏನು ಅಂತ ಹೇಳಿಬಿಟ್ಟೆ. ಅಷ್ಟೇ. ಒಂದು ಕಲ್ಲು ಬಿಟ್ಟು ಇನ್ನೊಂದು ಕಡೆ ಕಾಲು, ಸೀರೆ ನೆರಿಗೆ ಎತ್ತಿ ಹಿಡಿದು, ಕುಂಟೆಬಿಲ್ಲೆ ಆಡುವ ಹಾಗೆ ಇಡೀ ಚರ್ಚು ದಾಟಿದರು. ಒಂದು ಶಾಲೆ ಮಕ್ಕಳ ಗುಂಪು ಬಂದಿತ್ತು. ಅದರಲ್ಲಿ ಎರಡು ಹುಡುಗಿಯರು ಅಮ್ಮನ ಹಿಂದೆ ಅದೇ ಆಟ ಶುರು ಮಾಡಿದವು.

ಅಪ್ಪ ಗೆಲಿಲಿಯೊ ಮುಂದೆ ನಿಂತು ಮಾತೇ ಆಡಲಿಲ್ಲ. ಕೈಯಲ್ಲಿ ದೂರದರ್ಶಕ ಹಿಡಿದು ಮೇಲೆ ನೋಡುತ್ತಿರುವ ಮೂರ್ತಿ. ಆಮೇಲೆ ತಿರುಗಿ ಎದುರಿನ ಮೈಕೆಲೇಂಜಲೊನನ್ನು ತೋರಿಸಿ "ಇವನು ಹುಟ್ಟಿದ್ದು 1564ರ ಫೆಬ್ರವರಿ 15. ಅವನು ಹೋಗಿದ್ದು ಅದೇ ತಿಂಗಳು 18. ಮೂರು ದಿನ ಇಬ್ಬರೂ ಇದ್ದರು" ಅಂದರು. ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ. 95 ವರ್ಷದ ಕಥೆ ಹೇಳಿದೆ. "ನನ್ನ ಪೆನ್ಷನ್ ಫೈಲೇ ವಾಸಿ ಹಾಗಾದ್ರೆ" ಅಂದರು.

ಆದರೆ ಅವರಿಗೆ ಬೇಕಾಗಿದ್ದು ಗುಂಡಣ್ಣ ಹೇಳಿದ ಹಳೇ ಕೋಣೆ. ಬಲಗಡೆ ಮೂಲೆಯ ಬಾಗಿಲು ದಾಟಿದರೆ ಒಂದು ಓಣಿ, ಅದರ ಕೊನೆಯಲ್ಲಿ ಮೆದಿಚಿ ಚಾಪೆಲ್. ಆ ಪಕ್ಕದಲ್ಲೇ ಅಂತ ಅಲ್ಲಿನವರೊಬ್ಬರು ಕೈ ತೋರಿಸಿದರು. ಅಪ್ಪ ಆ ಓಣಿಯಲ್ಲಿ ಗೋಡೆಗೆ ಒರಗಿ, ಮಂಡಿ ಒತ್ತಿಕೊಳ್ಳುತ್ತಾ, ಸುಮ್ನೆ ಹತ್ತು ನಿಮಿಷ ನಿಂತರು. ದೊಡ್ಡ ಸಮಾಧಿಯ ಮುಂದೆಯೂ ಅಷ್ಟು ಹೊತ್ತು ನಿಂತಿರಲಿಲ್ಲ. "ಮಗಳು ಇಲ್ಲೇ ಇದ್ದಳಾ?" ಅಂತ ಒಮ್ಮೆ ಕೇಳಿದರು.

ಚಿಮಾಬುಯೆ ನೋಡಿ ಅಮ್ಮನಿಗೆ ಬೇಜಾರಾಯಿತು. ಮೊಟ್ಟೆ ಕಥೆಗೆ ಮಾತ್ರ ನಕ್ಕರು. "ಊಟಕ್ಕೆ ಕರೆದು ಮೊಟ್ಟೆನೂ ಅವನ ಕೈಲೇ ತರಿಸೋದಾ?"

ಹಿಂದೆ ಸನ್ಯಾಸಿಗಳ ಜಾಗದಲ್ಲಿ ಚರ್ಮದ ಕೆಲಸದ ಶಾಲೆ ಇದೆ, ಯಾರೂ ಹೇಳಿರಲಿಲ್ಲ ನೀವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅನಾಥ ಹುಡುಗರಿಗೆ ಕಸುಬು ಕಲಿಸಲು ಶುರು ಮಾಡಿದ್ದಂತೆ. ಅಪ್ಪ ಒಂದು ಪರ್ಸ್ ತಗೊಂಡರು. ಬೆಲೆ ಅಮ್ಮನಿಗೆ ಇನ್ನೂ ಹೇಳಿಲ್ಲ.

ಗಾಳಿಪಟ_ಗುಂಡಣ್ಣ

ತಂಗಿ, ಬೆರಳು ನೋಡಿದರಾ?

ತಟ್ಟೆಇಡ್ಲಿ_ತುಮಕೂರು

ನೋಡಿದೆವು ಅಣ್ಣ. ಅಮ್ಮ ಹೋಟೆಲಿಗೆ ಬಂದ ಕೂಡಲೇ ತಲೆಗೆ ಸ್ನಾನ ಮಾಡಿದರು.